ಮೊದಲು ಮೀನು, ಆಮೇಲೆ ಹೋಟೆಲು: ಮುಂಬಯಿಯಲ್ಲಿ ಮೀನೂಟಕ್ಕೆ ಹೊರಡುವವರಿಗೆ

ಮುಂಬಯಿಯಲ್ಲಿ ಮೀನೂಟಕ್ಕೆ ಹೊರಡುವವರು ಹೋಟೆಲಿನ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಮೀನಿನ ಹೆಸರಿನಿಂದ ಶುರು ಮಾಡುತ್ತೇನೆ. ನಾನು ಕುಂದಾಪುರದ ಕಡೆಯವಳು, ಮುಂಬಯಿಯ ಫೋರ್ಟ್ ಪ್ರದೇಶದ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಊರಿನಿಂದ ಬರುವ ನೆಂಟರು, ಮಗಳ ಕಚೇರಿಯ ಸ್ನೇಹಿತರು, ಬೆಂಗಳೂರಿನಿಂದ ಎರಡು ದಿನಕ್ಕೆಂದು ಬಂದಿಳಿಯುವ ಅಕ್ಕನ ಮಕ್ಕಳು, ಎಲ್ಲರೂ ಕೇಳುವುದು ಒಂದನ್ನೇ: "ಚಿಕ್ಕಮ್ಮ, ಹಳೆಯ ಲಂಚ್ ಹೋಮ್‌ಗೆ ಹೋಗುವುದು ಒಳ್ಳೆಯದೋ, ದೊಡ್ಡ ಹೋಟೆಲಿಗೋ?"

ಯಾವ ಮೀನು ತಿನ್ನಬೇಕೆನಿಸಿದೆ, ಜೊತೆಗೆ ಬರುವವರು ಯಾರು, ಇದು ಯಾವ ತಿಂಗಳು? ಇಷ್ಟು ಗೊತ್ತಾದರೆ ಹೋಟೆಲು ತಾನಾಗಿಯೇ ನಿಶ್ಚಯವಾಗುತ್ತದೆ. ದುಡ್ಡು ಹೆಚ್ಚು ಕೊಟ್ಟಲ್ಲಿ ಎಲ್ಲ ಮೀನೂ ಚೆನ್ನಾಗಿರುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ಹೊಗೆ ಹಿಡಿದ ಹಳೆಯ ಅಡುಗೆಮನೆಯಲ್ಲಿ ಮಾತ್ರ ನಿಜವಾದ ರುಚಿ ಇದೆ ಎಂದು ಹಟ ಹಿಡಿಯುವ ನಮ್ಮ ಕಡೆಯ ಗಂಡಸರ ಮಾತನ್ನೂ ಒಪ್ಪುವುದಿಲ್ಲ.

ಎರಡು ಬಗೆಯ ಕೈಗುಣ

ಫೋರ್ಟ್‌ನಲ್ಲಿರುವ ನಮ್ಮ ಕರಾವಳಿಯವರ ಲಂಚ್ ಹೋಮ್‌ಗಳು ಕಚೇರಿಯವರ ಮಧ್ಯಾಹ್ನದ ಹಸಿವನ್ನು ನಂಬಿ ಬೆಳೆದವು. ಕಾವಸ್‌ಜಿ ಪಟೇಲ್ ಬೀದಿಯ ಮಹೇಶ್ ಲಂಚ್ ಹೋಮ್ 1970ರ ದಶಕದ್ದು. ಹಾರ್ನಿಮನ್ ಸರ್ಕಲ್ ಬಳಿ ಅಪೂರ್ವ ಇದೆ, ಕಾಲಾ ಘೋಡಾದಲ್ಲಿ ತೃಷ್ಣಾ ಇದೆ. ಈ ಭಾಗದ ಹೋಟೆಲುಗಳಲ್ಲಿ ಹಗಲು ಮೇಜು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾಗಿ, ಅಧಿಕಾರಿಗಳಾಗಿ ಮೇಲೆ ಬಂದವರು ನನ್ನ ಬ್ಯಾಂಕಿನಲ್ಲೇ ಇದ್ದರು. ಅವರು ಮೀನಿನ ತಟ್ಟೆಯನ್ನು ನೋಡುವ ರೀತಿಯೇ ಬೇರೆ. ತಿನ್ನುವ ಮೊದಲೇ ತುಂಡಿನ ಅಂಚು ನೋಡಿ, ಮೀನು ಯಾವತ್ತಿನದು ಎಂದು ಹೇಳಿಬಿಡುತ್ತಿದ್ದರು. ನಾನು ಕಲಿತದ್ದು ಅವರಿಂದ.

ಇಂಥ ಹೋಟೆಲುಗಳ ಬಲವಿರುವುದು ಬೆಳಗಿನ ಖರೀದಿಯಲ್ಲಿ ಮತ್ತು ಅರೆಯುವ ಕಲ್ಲಿನಲ್ಲಿ. ದೋಣಿಗಳಿಂದ ಮೀನು ಬಂದಿಳಿಯುವ ಕೊಲಾಬಾದ ಸಸೂನ್ ಡಾಕ್ 1875ರಿಂದ ಇದೆ. ಅಲ್ಲಿಯೂ ಭಾವುಚಾ ಧಕ್ಕಾದಲ್ಲಿಯೂ ಬೆಳಕು ಹರಿಯುವ ಮುಂಚೆಯೇ ಹರಾಜು ಶುರುವಾಗಿರುತ್ತದೆ. ಗಿರಾಕಿಗಳು ಹೆಚ್ಚಿರುವ ಹೋಟೆಲಿನಲ್ಲಿ ಬೆಳಿಗ್ಗೆ ಬಂದ ಬಂಗುಡೆ ಮಧ್ಯಾಹ್ನ ಮೂರರೊಳಗೆ ಖಾಲಿಯಾಗುತ್ತದೆ. ಈ ವೇಗವೇ ಅಲ್ಲಿನ ತಾಜಾತನದ ಗುಟ್ಟು. ಬ್ಯಾಡಗಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ, ಹುಣಸೆಯ ಅರೆತ ದಿನವೂ ಅದೇ ಕೈಯಿಂದ, ಅದೇ ಅಳತೆಯಲ್ಲಿ ಬರುತ್ತದೆ. ವರ್ಷಗಟ್ಟಲೆ ಒಂದೇ ಗಸಿ (ತೆಂಗಿನ ಅರೆತದ ಮಂದ ಸಾರು) ಮಾಡುವ ಕೈಯನ್ನು ಯಾವ ಅಡುಗೆ ಕಾಲೇಜೂ ತಯಾರು ಮಾಡಲಾರದು.

ದೊಡ್ಡ ಹೋಟೆಲಿನ ಬಲ ಬೇಯಿಸುವ ಕ್ಷಣದಲ್ಲಿದೆ. ಮೀನಿನ ಮಾಂಸ ಬೇಗ ಬೇಯುತ್ತದೆ. ಅರ್ಧ ನಿಮಿಷ ಹೆಚ್ಚಾದರೂ ಒಣಗುತ್ತದೆ. ನೂರು ತಟ್ಟೆ ಒಟ್ಟಿಗೆ ಹೊರಡಬೇಕಾದ ಅಡುಗೆಮನೆಯಲ್ಲಿ ಒಂದೊಂದು ತುಂಡನ್ನೂ ಹಾಗೆ ಕಾಯಲು ಆಗುವುದಿಲ್ಲ. ಮೇಜುಗಳು ಕಡಿಮೆ ಇರುವಲ್ಲಿ ಆಗುತ್ತದೆ. ನಾವು ಹೆಚ್ಚಾಗಿ ಕೊಡುವ ಹಣ ಬಹುಪಾಲು ಈ ಕಾಯುವಿಕೆಗೆ, ಕೂರುವ ಜಾಗಕ್ಕೆ, ಸದ್ದಿಲ್ಲದ ಕೋಣೆಗೆ ಹೋಗುತ್ತದೆ. ಮೀನು ಮಾತ್ರ ಎಷ್ಟೋ ಸಲ ಅದೇ ಧಕ್ಕೆಯಿಂದ ಬಂದದ್ದು.

ಇವೆರಡರ ನಡುವೆ ಗೋಡೆ ಇದೆ ಎಂದು ಭಾವಿಸಬೇಡಿ. ತೃಷ್ಣಾ ಈಗ ಲಂಚ್ ಹೋಮ್ ಅಲ್ಲ, ಪೂರ್ತಿ ಫೈನ್ ಡೈನಿಂಗ್ ಕೂಡ ಅಲ್ಲ. ಅದೇ ಹೆಸರಿನ ರೆಸ್ಟೋರೆಂಟ್ 2008ರಲ್ಲಿ ಲಂಡನ್ನಿನಲ್ಲಿ ತೆರೆದು, 2012ರ ಮಿಶೆಲಿನ್ ಗೈಡ್‌ನಲ್ಲಿ ಒಂದು ತಾರೆ ಪಡೆಯಿತು. ಕಫ್ ಪರೇಡ್‌ನ ಪ್ರೆಸಿಡೆಂಟ್ ಹೋಟೆಲಿನಲ್ಲಿರುವ ಕೊಂಕಣ್ ಕೆಫೆ ಮಹಾರಾಷ್ಟ್ರದಿಂದ ಕೇರಳದವರೆಗಿನ ಕರಾವಳಿಯ ಮನೆ ಅಡುಗೆಯನ್ನೇ ಬಡಿಸುತ್ತದೆ. ಇಂಥವು ಇರುವುದರಿಂದಲೇ ಆಯ್ಕೆ ಸುಲಭವಲ್ಲ.

ಯಾವ ಮೀನಿಗೆ ಯಾವ ಹೋಟೆಲು

ಮುಳ್ಳಿರುವ ಸಣ್ಣ ಮೀನುಗಳಿಗೆ ಹಳೆಯ ಹೋಟೆಲೇ ಆಗಬೇಕು. ಬಂಗುಡೆ, ಬೈಗೆ (ಮಂಗಳೂರಿನವರ ಬೂತಾಯಿ), ಮಾಂದೇಲಿ ಇವೆಲ್ಲ ಕೈಯಲ್ಲಿ ಹಿಡಿದು, ಮುಳ್ಳು ಬಿಡಿಸಿ, ಬೆರಳು ನೆಕ್ಕಿ ತಿನ್ನುವಂಥವು. ಫೈನ್ ಡೈನಿಂಗ್‌ನವರು ಗಿರಾಕಿಗೆ ಮುಳ್ಳು ಸಿಗಬಾರದೆಂದು ಮೊದಲೇ ಬಿಡಿಸಿಡುತ್ತಾರೆ. ಮುಳ್ಳಿನ ಜೊತೆ ಬೆಂದಾಗ ಬರುವ ಎಣ್ಣೆಯ ರುಚಿಯೂ ಅದರೊಂದಿಗೆ ಹೊರಟುಹೋಗುತ್ತದೆ. ಹುಳಿಖಾರದ ಬಂಗುಡೆ ಪುಳಿಮುಂಚಿಯನ್ನು ನಾನು ಮೇಜುಬಟ್ಟೆ ಹಾಸಿದ ಜಾಗದಲ್ಲಿ ಕೇಳುವುದೇ ಇಲ್ಲ.

ಬೊಂಬಿಲ್, ಅಂದರೆ ಬಾಂಬೆ ಡಕ್ ಎನ್ನುವ ಮೀನು, ಇನ್ನೂ ಹಟಮಾರಿ. ಅದರ ಮೈ ತುಂಬ ನೀರು. ಸೀಳಿ, ಭಾರ ಹೇರಿ, ನೀರು ಇಳಿಸಿ, ರವೆಯಲ್ಲಿ ಹೊರಳಿಸಿ ಕರಿಯಬೇಕು. ಬಾಣಲೆಯಿಂದ ಬಾಯಿಗೆ ಬರುವ ದಾರಿ ಉದ್ದವಾದಷ್ಟೂ ಅದು ಮೆತ್ತಗಾಗುತ್ತದೆ. ತಟ್ಟೆಯನ್ನು ಹೂವಿನಿಂದ ಸಿಂಗರಿಸುವಷ್ಟು ಹೊತ್ತು ಅದಕ್ಕೆ ತಾಳ್ಮೆ ಇಲ್ಲ. ವಿಲೆ ಪಾರ್ಲೆ ಪೂರ್ವದ ಗಜಾಲಿಯ ಬೊಂಬಿಲ್ ಅನ್ನು ನಾನು ಮಗಳಿಗೆ ಚಿಕ್ಕಂದಿನಿಂದ ತಿನ್ನಿಸಿದ್ದೇನೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಅದು ಮಾಲ್ವಣಿ ಶೈಲಿಯ ಹೋಟೆಲು. ತೆಂಗಿನಕಾಯಿಯನ್ನು ಹುರಿದು ಅರೆಯುವ ಅವರ ಮಸಾಲೆಗೂ ನಮ್ಮ ಹಸಿ ತೆಂಗಿನ ಗಸಿಗೂ ಅಜಗಜಾಂತರ. ಎರಡನ್ನೂ ಒಂದೇ ಊಟದಲ್ಲಿ ಹೋಲಿಸಿ ತೀರ್ಪು ಕೊಡುವುದು ಸರಿಯಲ್ಲ. ಬಾಂದ್ರಾ ಪೂರ್ವದ ಹೈವೇ ಗೋಮಾಂತಕ್‌ಗೆ ಹೋದರೆ ತಿರಫಲ, ಕೋಕಮ್ (ಪುನರ್ಪುಳಿ) ಹಾಕಿದ ಮೂರನೆಯ ದಾರಿಯೊಂದು ಕಾಣುತ್ತದೆ. ತಿರಫಲ ಎಂದರೆ ನಮ್ಮ ಜುಮ್ಮನಕಾಯಿಯೇ. ಬಂಗುಡೆಗೆ ಅದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ.

ಕಾಣೆ ಮೀನು ಮೆನುವಿನಲ್ಲಿ ಲೇಡಿಫಿಶ್ ಎಂದು ಇರುತ್ತದೆ. ಮಧ್ಯದಲ್ಲಿ ಒಂದೇ ಮುಳ್ಳು, ಎರಡು ಬದಿಯಲ್ಲೂ ಮೆತ್ತನೆಯ ಬಿಳಿ ಮಾಂಸ. ಮಕ್ಕಳಿಗೆ, ಮೀನು ತಿಂದು ಅಭ್ಯಾಸವಿಲ್ಲದವರಿಗೆ ಇದೇ ಮೊದಲ ಪಾಠ. ಫೋರ್ಟ್‌ನ ಮಂಗಳೂರು ಹೋಟೆಲುಗಳಲ್ಲಿ ಕಾಣೆ ರವಾ ಫ್ರೈ ಹೇಳಿ, ಜೊತೆಗೆ ನೀರುದೋಸೆ ಮತ್ತು ಬರಿಯ ಗಸಿ ಹೇಳಿ. ಅಷ್ಟೇ ಸಾಕು. ಮಧ್ಯಾಹ್ನ ಎರಡೂವರೆಯ ನಂತರ ಹೋದರೆ ಕಾಣೆ ಮುಗಿದಿರುವುದೇ ಹೆಚ್ಚು, ಮುಗಿದಿದೆ ಎಂದರೆ ಆ ಹೋಟೆಲಿನ ಮೇಲೆ ನನಗೆ ನಂಬಿಕೆ ಹೆಚ್ಚಾಗುತ್ತದೆ.

ಮಾಂಜಿ ಅಂದರೆ ಪಾಂಫ್ರೆಟ್, ಮತ್ತು ಅಂಜಲ್ ಅಂದರೆ ಸುರ್ಮಾಯಿ, ಎರಡೂ ಕಡೆ ಸಿಗುತ್ತವೆ, ಎರಡೂ ಕಡೆ ಚೆನ್ನಾಗಿರಬಲ್ಲವು. ಹೋಲಿಕೆ ಮಾಡಬೇಕೆನ್ನುವವರು ಅಂಜಲನ್ನು ಆರಿಸಿಕೊಳ್ಳಿ. ಒಂದು ವಾರ ಲಂಚ್ ಹೋಮ್‌ನಲ್ಲಿ ತವಾ ಫ್ರೈ, ಮುಂದಿನ ವಾರ ದೊಡ್ಡ ಹೋಟೆಲಿನಲ್ಲಿ ಅದೇ ಮೀನು. ಮೊದಲನೆಯದರಲ್ಲಿ ಮಸಾಲೆ ಮಾತಾಡುತ್ತದೆ, ತುಂಡು ತೆಳ್ಳಗಿರುತ್ತದೆ, ಅಂಚು ಗರಿಯಾಗಿರುತ್ತದೆ. ಎರಡನೆಯದರಲ್ಲಿ ತುಂಡು ದಪ್ಪ, ಬೆರಳಿನಿಂದ ಒತ್ತಿದರೆ ಪದರಗಳು ಬಿಚ್ಚಿಕೊಳ್ಳುತ್ತವೆ, ನಡುವಿನಲ್ಲಿ ರಸ ಉಳಿದಿರುತ್ತದೆ. ಹಾಗೆ ರಸ ಉಳಿದಿಲ್ಲವಾದರೆ ಆ ಹೋಟೆಲಿಗೆ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಮಾಂಜಿಯ ವಿಷಯದಲ್ಲಿ ಒಂದು ಕೋರಿಕೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಬಿಳಿ ಪಾಂಫ್ರೆಟನ್ನು ರಾಜ್ಯದ ಮೀನೆಂದು ಘೋಷಿಸಿತು. ಸಂತಾನ ಕಡಿಮೆಯಾಗುತ್ತಿದೆ ಎಂಬ ಚಿಂತೆ ಅದರ ಹಿಂದಿತ್ತು. ಹಲವು ಜಾತಿಯ ಮೀನುಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನೂ ಗೊತ್ತುಮಾಡಿದರು. ಆದರೂ ಕೆಲವು ಕಡೆ ಥಾಲಿಯಲ್ಲಿ ಅಂಗೈಗಿಂತ ಚಿಕ್ಕ ಮಾಂಜಿ ಬರುತ್ತದೆ. ಒಮ್ಮೆಯೂ ಮೊಟ್ಟೆ ಇಡದ ಮರಿ ಅದು. ದಯವಿಟ್ಟು ಬೇಡ ಎನ್ನಿ, ಬಂಗುಡೆ ಥಾಲಿ ಕೊಡಿ ಎನ್ನಿ. ಗಿರಾಕಿ ಕೇಳದ ಮೀನನ್ನು ಯಾರೂ ಹರಾಜಿನಲ್ಲಿ ಕೊಳ್ಳುವುದಿಲ್ಲ.

ಏಡಿಯದು ದೊಡ್ಡ ಕಥೆ. ಮುಂಬಯಿಯ ಹೆಸರಾಂತ ಬಟರ್ ಪೆಪ್ಪರ್ ಗಾರ್ಲಿಕ್ ಏಡಿ ತೃಷ್ಣಾದಲ್ಲೂ ಮಹೇಶ್‌ನಲ್ಲೂ ಸಿಗುತ್ತದೆ. ಅದಕ್ಕೆ ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ದೊಡ್ಡ ಏಡಿಯೇ ಬೇಕು. ಅದರ ಇಕ್ಕಳದಂಥ ಕೊಂಬಿನ ಮಾಂಸ ದಪ್ಪ, ಸಿಹಿ. ಬೆಣ್ಣೆ ಬೆಳ್ಳುಳ್ಳಿಯ ಎದುರು ನಿಲ್ಲುತ್ತದೆ. ಕಡಲಿನ ಸಣ್ಣ ಏಡಿಯಲ್ಲಿ ಮಾಂಸ ಕಡಿಮೆ, ರಸ ಹೆಚ್ಚು. ಅದಕ್ಕೆ ಗಸಿ ಅಥವಾ ತೆಂಗಿನತುರಿ ಹಾಕಿದ ಒಣ ಸುಕ್ಕವೇ ಸರಿ. ಅಮಾವಾಸ್ಯೆಯ ಆಸುಪಾಸಿನಲ್ಲಿ ಏಡಿ ತುಂಬಿರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ, ನಮ್ಮಮ್ಮ ಕ್ಯಾಲೆಂಡರ್ ನೋಡಿಯೇ ಏಡಿ ತರಿಸುತ್ತಿದ್ದರು. ನಾನು ಕೈಯಲ್ಲಿ ತೂಗಿ ನೋಡುತ್ತೇನೆ. ಗಾತ್ರಕ್ಕಿಂತ ಭಾರವಾಗಿರಬೇಕು, ಕಾಲು ಆಡಿಸುತ್ತಿರಬೇಕು.

ಇನ್ನು ಸಿಗಡಿ, ಬೊಂಡಾಸ್ (ಸ್ಕ್ವಿಡ್), ಲಾಬ್‌ಸ್ಟರ್. ಇವುಗಳ ಮೇಲೆ ಹಣ ಹಾಕುವುದಾದರೆ ದೊಡ್ಡ ಹೋಟೆಲಿನಲ್ಲಿ ಹಾಕಿ. ಸಿಗಡಿ ಅರ್ಧ ಬಾಗಿದ್ದರೆ ಸರಿಯಾಗಿ ಬೆಂದಿದೆ. ಸುರುಳಿ ಸುತ್ತಿ ಗಟ್ಟಿಯಾಗಿದ್ದರೆ ಹೆಚ್ಚು ಬೆಂದಿದೆ. ಬೊಂಡಾಸ್ ಒಂದೆರಡು ನಿಮಿಷ ಬೇಯಬೇಕು, ಇಲ್ಲವೇ ಮುಕ್ಕಾಲು ಗಂಟೆ. ನಡುವೆ ನಿಂತರೆ ರಬ್ಬರ್. ಜನ ತುಂಬಿದ ಲಂಚ್ ಹೋಮ್‌ನಲ್ಲಿ ಆ ನಡುವಿನ ಬೊಂಡಾಸ್ ಬರುವ ಸಂಭವವೇ ಹೆಚ್ಚು. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾತ್ರ ಹಳೆಯ ಕಡೆಯೇ ತಿನ್ನಿ. ತೆಂಗಿನತುರಿ ಚಿಪ್ಪಿನೊಳಗೆ ಹೊಕ್ಕಿರಬೇಕು, ಹಲ್ಲಿಗೆ ಮರಳು ಸಿಗಬಾರದು.

ಹಸಿ ಮೀನಿನ ಊಟ, ಉದಾಹರಣೆಗೆ ತಾಜ್ ಮಹಲ್ ಪ್ಯಾಲೇಸ್‌ನ ವಸಾಬಿಯಂಥ ಜಪಾನೀ ಜಾಗದ್ದು, ಬೇರೆಯೇ ಲೋಕ. ಅಲ್ಲಿ "ಫ್ರೀಜ್ ಮಾಡಿದ್ದೇ?" ಎಂದು ಮೂಗು ಮುರಿಯಬೇಡಿ. ಬೇಯಿಸದೆ ತಿನ್ನುವ ಮೀನಿನೊಳಗಿನ ಹುಳುಗಳು ಸಾಯಬೇಕಾದರೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಅಥವಾ ಮೈನಸ್ 35ರಲ್ಲಿ ಪೂರ್ತಿ ಗಟ್ಟಿಗೊಳಿಸಿ 15 ಗಂಟೆ ಇಡಬೇಕು ಎಂದು ಅಮೆರಿಕದ ಆಹಾರ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಗಸಿಯ ಮಾಂಜಿಗೆ ಕುಂದಾಗುವ ಅದೇ ಐಸು ಅಲ್ಲಿ ನಮ್ಮ ಹೊಟ್ಟೆಯನ್ನು ಕಾಯುತ್ತದೆ.

ಯಾವ ತಿಂಗಳು, ಯಾವ ವಾರ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ ಎರಡು ತಿಂಗಳು ಲಂಚ್ ಹೋಮ್‌ನಲ್ಲಿ ಅಂಜಲ್ ಸಿಕ್ಕಿದರೆ ಅದು ಐಸಿನಲ್ಲಿದ್ದದ್ದು ಅಥವಾ ದೂರದಿಂದ ಬಂದದ್ದು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಆ ಕಡೆಯ ಮೀನು ಬರುತ್ತದೆ. ಆಗ ನಾನು ಲಂಚ್ ಹೋಮ್‌ನಲ್ಲಿ ಒಣ ಸಿಗಡಿಯ ಚಟ್ನಿ, ಕೋರಿ ರೊಟ್ಟಿ, ಸಿಕ್ಕರೆ ಹಿನ್ನೀರಿನ ಏಡಿ ತಿನ್ನುತ್ತೇನೆ. ಅತಿಥಿಗಳು ಮೀನೇ ಬೇಕೆಂದರೆ, ಶೀತಲ ವ್ಯವಸ್ಥೆ ಚೆನ್ನಾಗಿರುವ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗುತ್ತೇನೆ. ವರ್ಷದಲ್ಲಿ ದೊಡ್ಡ ಹೋಟೆಲು ಸಲೀಸಾಗಿ ಗೆಲ್ಲುವ ಕಾಲ ಇದೊಂದೇ.

ಆಗಸ್ಟ್‌ನಲ್ಲಿ ನಾರಳಿ ಹುಣ್ಣಿಮೆಗೆ ಇಲ್ಲಿನ ಕೋಳಿ ಎಂಬ ಮೀನುಗಾರ ಸಮುದಾಯದವರು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ, ದೋಣಿಗಳು ಇಳಿದಿರುತ್ತವೆ, ಮೀನು ಹೇರಳ. ಅದೇ ಹೊತ್ತಿಗೆ ಮಹಾರಾಷ್ಟ್ರದ ಎಷ್ಟೋ ಮನೆಗಳಲ್ಲಿ ಶ್ರಾವಣದ ವ್ರತ. ಮೀನಿನ ಹೋಟೆಲುಗಳಲ್ಲಿ ಸಾಲು ಕರಗುತ್ತದೆ. ವ್ರತ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ವಾರದ ಲೆಕ್ಕವೂ ಇದೆ. ಸೋಮವಾರ, ಗುರುವಾರ, ಶನಿವಾರ ಇಲ್ಲಿ ಬಹಳ ಮಂದಿ ಮೀನು ಮುಟ್ಟುವುದಿಲ್ಲ. ಬುಧವಾರ, ಶುಕ್ರವಾರ, ಭಾನುವಾರ ಜನ ಜಾಸ್ತಿ, ಮೀನಿನ ಓಡಾಟವೂ ಜಾಸ್ತಿ. ಬುಧವಾರ ಅಥವಾ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಫೋರ್ಟ್‌ನಲ್ಲಿ ಕೂತುಬಿಡಿ. ಕೆಲವು ಹೋಟೆಲುಗಳಿಗೆ ವಾರದ ರಜೆ ಗುರುವಾರ ಇರುತ್ತದೆ, ಫೋನು ಮಾಡಿ ಕೇಳಿಕೊಂಡು ಹೊರಡಿ.

ಕೂತ ಮೇಲೆ ಕೇಳಬೇಕಾದ್ದು

ಹಳೆಯ ಹೋಟೆಲಿನಲ್ಲಿ ಮೆನು ತೆರೆಯುವ ಮೊದಲು ಕ್ಯಾಪ್ಟನ್‌ನನ್ನು ಕರೆಯಿರಿ. ಈಗ ಬಡಿಸುವ ಹುಡುಗರು ಎಲ್ಲೆಲ್ಲಿಂದಲೋ ಬಂದವರು; ಆದರೆ ಗಲ್ಲಾದಲ್ಲೋ ಕ್ಯಾಪ್ಟನ್ ಜಾಗದಲ್ಲೋ ತುಳು, ಕನ್ನಡ ಬಲ್ಲವರೊಬ್ಬರು ಈಗಲೂ ಇರುತ್ತಾರೆ. "ಅಣ್ಣ, ಇವತ್ತು ಬಂದದ್ದು ಯಾವುದು?" ಎಂದು ಕೇಳಿ. "ಎಲ್ಲವೂ ಇದೆ" ಎಂದರೆ ಇನ್ನೊಮ್ಮೆ ಕೇಳಿ. "ಮಾಂಜಿ ಬೇಡ ಅಕ್ಕ, ಕಾಣೆ ತೆಗೆದುಕೊಳ್ಳಿ" ಎಂದರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ.

ಏಡಿ, ಲಾಬ್‌ಸ್ಟರ್, ದೊಡ್ಡ ಮಾಂಜಿಯ ಎದುರು ದರದ ಬದಲು ಎಪಿಎಸ್ ಎಂದು ಬರೆದಿರುತ್ತಾರೆ. ಗಾತ್ರ ನೋಡಿ ದರ ಎಂದು ಅರ್ಥ. ಹಸಿಯಾಗಿರುವಾಗಲೇ ತರಿಸಿ ನೋಡಿ. ಕಣ್ಣು ಉಬ್ಬಿ ಹೊಳೆಯಬೇಕು, ಕಿವಿರು ಕೆಂಪಾಗಿರಬೇಕು, ಬೆರಳು ಒತ್ತಿದ ಗುಳಿ ಕೂಡಲೇ ಮುಚ್ಚಿಕೊಳ್ಳಬೇಕು. ತೂಕ ಮತ್ತು ಒಟ್ಟು ದರ ಎರಡನ್ನೂ ಬಾಯಿಬಿಟ್ಟು ಹೇಳಿಸಿ, ಆಮೇಲೆ ಅಡುಗೆಗೆ ಕಳುಹಿಸಿ. ಒಂದು ಹೋಟೆಲಿನಲ್ಲಿ ಏಡಿಯ ದರ ಕೇಳಿದ್ದಕ್ಕೆ "ಮೊದಲು ಊಟ ಮಾಡಿ, ಆಮೇಲೆ ಮಾತಾಡೋಣ" ಎಂದರು. ನಾವು ಮನೆಮಂದಿಯೆಲ್ಲ ಎದ್ದು ಬಂದೆವು. ನಾಚಿಕೆಪಡುವ ವಿಷಯವೇ ಅಲ್ಲ ಅದು.

ಬಂಗುಡೆ, ಅಂಜಲ್, ಟ್ಯೂನಾದಂಥ ಹಸಿ ಮೀನು ಐಸಿಲ್ಲದೆ ಬೆಚ್ಚಗೆ ಹೆಚ್ಚು ಹೊತ್ತು ಇದ್ದರೆ ಹಿಸ್ಟಮಿನ್ ಎಂಬ ನಂಜು ಬೆಳೆಯುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಖಾರವಲ್ಲದ ಒಂದು ಚುರುಕು ನಾಲಗೆಯ ಮೇಲೆ ಓಡಿದರೆ ಆ ತುಂಡನ್ನು ಬಿಟ್ಟುಬಿಡಿ, ಮಕ್ಕಳ ತಟ್ಟೆಯಿಂದಲೂ ತೆಗೆಯಿರಿ. ಈ ಮಾತು ಎಷ್ಟು ದೊಡ್ಡ ಹೋಟೆಲಿಗೂ ಅನ್ವಯಿಸುತ್ತದೆ.

ದೊಡ್ಡ ಹೋಟೆಲಿನಲ್ಲಿ ಕೇಳಬೇಕಾದ್ದು ಬೇರೆ. ಮೀನು ಎಲ್ಲಿಂದ ಬಂತು, ಇಡೀ ಮೀನೋ ಬಿಡಿಸಿದ ತುಂಡೋ, ಒಬ್ಬರಿಗೆ ಎಷ್ಟು ಬರುತ್ತದೆ. ಮಹಾಲಕ್ಷ್ಮಿಯ ಮಾಸ್ಕ್‌ನಂಥ ಜಾಗದಲ್ಲಿ ಅವರೇ ಗೊತ್ತುಮಾಡಿದ, ಒಂದಾದ ಮೇಲೊಂದು ತಟ್ಟೆ ಬರುವ ಸಾಲು ಊಟವೇ ಇರುತ್ತದೆ. ಸಿಗಡಿ, ಏಡಿ ಆಗದವರು ಕಾಯ್ದಿರಿಸುವಾಗಲೇ ತಿಳಿಸಬೇಕು. ಕೈಯಲ್ಲಿ ತಿನ್ನಲು ಸಂಕೋಚ ಬೇಡ. ನನ್ನ ಅತ್ತೆ ಪಂಚತಾರಾ ಹೋಟೆಲಿನಲ್ಲೂ ಚಮಚ ಪಕ್ಕಕ್ಕಿಟ್ಟು, ಅನ್ನಕ್ಕೆ ಗಸಿ ಕಲಸಿ ಉಂಡರು. ಕೈ ತೊಳೆಯಲು ಬಿಸಿನೀರು, ನಿಂಬೆ ತಾನಾಗಿಯೇ ಬಂತು.

ಬಿಲ್ಲು ಬಂದಾಗ ತೆರಿಗೆಯ ಸಾಲನ್ನು ಓದಿ. ಸಾಮಾನ್ಯ ಹೋಟೆಲುಗಳಲ್ಲಿ ಜಿಎಸ್‌ಟಿ ಶೇ. 5. ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ವಸತಿ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಶೇ. 18. ಆರು ಸಾವಿರದ ಊಟಕ್ಕೆ ಒಂದು ಕಡೆ 300, ಇನ್ನೊಂದು ಕಡೆ 1,080. ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂಬ 2022ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯನ್ನು ದಿಲ್ಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಬೇಡವಾದರೆ ತೆಗೆಸಿ. ನಾನು ಅದನ್ನು ತೆಗೆಸಿ, ಬಡಿಸಿದವರ ಕೈಗೇ ಹಣ ಕೊಡುತ್ತೇನೆ.

ಜೊತೆಗೆ ಬರುವವರು ಯಾರು

ಮೊಣಕಾಲು ನೋವಿನ ಹಿರಿಯರಿದ್ದರೆ ಹಳೆಯ ಹೋಟೆಲಿನ ಮೆಟ್ಟಿಲು, ಇಕ್ಕಟ್ಟಾದ ಬೆಂಚು, ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುವ ಸಾಲು, ಶೌಚಾಲಯ ಇವನ್ನು ಮೊದಲು ಯೋಚಿಸಿ. ಅವರಿಗೆ ಕೊಂಕಣ್ ಕೆಫೆಯಂಥ ಜಾಗದ ಥಾಲಿ ನೆಮ್ಮದಿ: ಊರಿನ ರುಚಿ, ಒರಗುವ ಕುರ್ಚಿ. ಬೀಗರ ಜೊತೆ ಮಾತುಕತೆಗೂ ಸದ್ದಿಲ್ಲದ ಜಾಗವೇ ಬೇಕು. ಏಡಿ ಒಡೆಯುತ್ತ ಮದುವೆಯ ಮಾತು ಆಡಲಾಗದು. ಗೆಳತಿಯರು ಸೇರಿದರೆ ನಮಗೆ ಲಂಚ್ ಹೋಮ್ ಬಿಟ್ಟು ಬೇರೆ ಇಲ್ಲ. ಸಸ್ಯಾಹಾರಿಯೊಬ್ಬರು ಗುಂಪಿನಲ್ಲಿದ್ದರೆ ದೊಡ್ಡ ಹೋಟೆಲಿಗೆ ಹೋಗಿ, ಅವರೂ ಹೊಟ್ಟೆ ತುಂಬ ಉಣ್ಣಲಿ.

ನಗರದಲ್ಲಿ ಎರಡೇ ಹೊತ್ತಿನ ಊಟಕ್ಕೆ ಅವಕಾಶವಿರುವವರು ಮಧ್ಯಾಹ್ನ ಫೋರ್ಟ್‌ನಲ್ಲಿ ಕಾಣೆ, ಮರುವಾಯಿ, ನೀರುದೋಸೆ ಮುಗಿಸಿ. ರಾತ್ರಿ ದೊಡ್ಡ ಹೋಟೆಲಿನಲ್ಲಿ ಸಿಗಡಿಯೋ ಬೊಂಡಾಸೋ ಒಂದೆರಡು ತಟ್ಟೆ ಮಾತ್ರ ಹೇಳಿ. ಅಂಜಲ್ ಗಸಿ ಉಳಿದರೆ ಕಟ್ಟಿಸಿಕೊಳ್ಳಿ, ಕೂಡಲೇ ಫ್ರಿಜ್‌ನಲ್ಲಿಟ್ಟು ಮರುದಿನ ಬೆಳಿಗ್ಗೆ ಚೆನ್ನಾಗಿ ಕುದಿಸಿ ದೋಸೆಯ ಜೊತೆ ತಿನ್ನಿ. ಹುಳಿ ಖಾರ ಹಿಡಿದು ಇನ್ನೂ ರುಚಿಯಾಗಿರುತ್ತದೆ. ರವಾ ಫ್ರೈಯನ್ನು ಮಾತ್ರ ಎಂದೂ ಕಟ್ಟಿಸಬೇಡಿ, ಅಲ್ಲೇ ಬಿಸಿಯಾಗಿ ತಿಂದು ಏಳಿ.